ರೋಗಿಗಿಂತ ಮೊದಲೇ ಆಸ್ಪತ್ರೆ ಸೇರುವ ಇಸಿಜಿ

ಮೊಳಕಾಲ್ಮೂರಿನಿಂದ ಚಿತ್ರದುರ್ಗಕ್ಕೆ ಸುಮಾರು 80 ಕಿಲೋಮೀಟರ್. ರಾತ್ರಿ ಹೊತ್ತು ಎದೆ ಹಿಡಿದುಕೊಂಡರೆ ನಮ್ಮ ಕಡೆ ಮೊದಲು ಸೋಡಾ ಕುಡಿಸುತ್ತೇವೆ. ಗ್ಯಾಸ್ ಇರಬೇಕು, ಸ್ವಲ್ಪ ಮಲಗಿ ಅನ್ನುತ್ತೇವೆ. ಬೆವರು ನಿಲ್ಲದಿದ್ದಾಗಲೇ ಗಾಡಿ ಹುಡುಕುವುದು. ಆದರೆ ರಕ್ತನಾಳ ಕಟ್ಟಿಕೊಂಡ ಮೇಲೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ದುರ್ಗ ಬರುವವರೆಗೆ ಅದು ಕಾಯುವುದಿಲ್ಲ.

ರೋಗಿ ಒಂದು ಕಡೆ, ತಿಳಿದವರು ಇನ್ನೊಂದು ಕಡೆ. ಈ ಕಷ್ಟ ಹೊಸದಲ್ಲ. 1905ರಲ್ಲಿ ಹಾಲೆಂಡ್‌ನ ಲೈಡನ್ ಊರಿನಲ್ಲಿ ಐಂತೋವನ್ ಎಂಬ ವಿಜ್ಞಾನಿಗೂ ಇದೇ ಎದುರಾಯಿತು. ಹೃದಯದ ವಿದ್ಯುತ್ ಮಿಡಿತವನ್ನು ಗೆರೆಯಾಗಿ ಬರೆಯುವ ಅವರ ಇಸಿಜಿ ಯಂತ್ರ ಎಷ್ಟು ದೊಡ್ಡದೆಂದರೆ ಅದನ್ನು ಆಸ್ಪತ್ರೆಗೆ ಸಾಗಿಸುವ ಮಾತೇ ಇಲ್ಲ. ಸುಮಾರು ಒಂದೂವರೆ ಕಿಲೋಮೀಟರ್ ಟೆಲಿಫೋನ್ ತಂತಿಯಲ್ಲಿ ಹೃದಯದ ಮಿಡಿತವನ್ನೇ ತಮ್ಮ ಪ್ರಯೋಗಾಲಯಕ್ಕೆ ತರಿಸಿಕೊಂಡರು. 1966ರಲ್ಲಿ ಬೆಲ್‌ಫಾಸ್ಟ್‌ನ ಡಾ. ಪ್ಯಾಂಟ್ರಿಜ್ ಹೃದಯಕ್ಕೆ ಶಾಕ್ ಕೊಡುವ ಯಂತ್ರವನ್ನು ಆಂಬುಲೆನ್ಸ್‌ಗೆ ಹತ್ತಿಸಿದರು. ಮರುವರ್ಷ ಮಯಾಮಿಯಲ್ಲಿ ಡಾ. ನೇಗಲ್, ಅಗ್ನಿಶಾಮಕ ಸಿಬ್ಬಂದಿಯ ಗಾಡಿಯಿಂದ ರೇಡಿಯೋ ಮೂಲಕ ಇಸಿಜಿ ತರಿಸಿಕೊಳ್ಳತೊಡಗಿದರು.

ದೂರದಿಂದಲೇ ರೋಗಿಯನ್ನು ನೋಡುವ ಈ ಟೆಲಿಮೆಡಿಸಿನ್ ನಮ್ಮ ರಾಜ್ಯಕ್ಕೆ ಬಂದಿದ್ದು ಉಪಗ್ರಹದ ದಾರಿಯಲ್ಲಿ. 2002ರಲ್ಲಿ ಇಸ್ರೋ ನೆರವಿನಿಂದ ಚಾಮರಾಜನಗರ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಯಿತು. ಒಳ್ಳೇ ಕೆಲಸವೇ, ಆದರೆ ರೋಗಿ ಜಿಲ್ಲಾಸ್ಪತ್ರೆ ಮುಟ್ಟಿದ ಮೇಲಿನ ಮಾತು. 2008ರ ನವೆಂಬರ್ 1ರಂದು 108 ಬಂತು, ಮನೆಬಾಗಿಲಿಗೆ ಗಾಡಿ ಬಂತು. ಗಾಡಿಯಲ್ಲಿ ಡಾಕ್ಟರ್ ಇರುವುದಿಲ್ಲ. ಇಎಂಟಿ, ಅಂದರೆ ತುರ್ತು ಚಿಕಿತ್ಸೆಯ ತರಬೇತಿ ಪಡೆದ ಸಿಬ್ಬಂದಿ ಇರುತ್ತಾರೆ, ಬೇಕಾದಾಗ ಕಾಲ್ ಸೆಂಟರ್ ವೈದ್ಯರಿಗೆ ಫೋನ್ ಮಾಡಿ ಕೇಳುತ್ತಾರೆ. ನನ್ನ ಮಟ್ಟಿಗೆ ನಮ್ಮ ಹಳ್ಳಿಗಳ ನಿಜವಾದ ಟೆಲಿಮೆಡಿಸಿನ್ ಶುರುವಾಗಿದ್ದು ಆ ಫೋನಿನಿಂದ.

ಇನ್ನೂ ದೊಡ್ಡ ಬದಲಾವಣೆ ತಂದದ್ದು 2023ರಲ್ಲಿ ಸರ್ಕಾರ ಘೋಷಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ದೂರದ ಹೃದಯ ತಜ್ಞರು ಅದನ್ನು ಓದುತ್ತಾರೆ. ಹಾರ್ಟ್ ಅಟ್ಯಾಕ್ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ, ಉಚಿತವಾಗಿ. ಹಳೇ ಸ್ಟ್ರೆಪ್ಟೋಕೈನೇಸ್ ಆಗಿದ್ದರೆ ಸುಮಾರು ಒಂದು ಗಂಟೆ ಡ್ರಿಪ್ ಹಾಕಬೇಕಿತ್ತು. ಇದು ತೂಕ ನೋಡಿ ಒಂದೇ ಸಲಕ್ಕೆ ಕೊಡುವ ಸೂಜಿ. ಆದರೆ ಕೊಡುವ ಮುಂಚೆ ಕೇಳಲೇಬೇಕಾದ್ದಿದೆ. ಇತ್ತೀಚೆಗೆ ಆಪರೇಷನ್ ಆಗಿದೆಯಾ? ಲಕ್ವ ಹೊಡೆದಿತ್ತಾ? ಎಲ್ಲಾದರೂ ರಕ್ತ ಹೋಗುತ್ತಿದೆಯಾ? ಉತ್ತರ ತಪ್ಪಿದರೆ ಅದೇ ಔಷಧಿ ಮೆದುಳಿನಲ್ಲಿ ರಕ್ತಸ್ರಾವ ಮಾಡಬಹುದು. ಅನುಭವಿ ಡಾಕ್ಟರ್ ಫೋನಿನಲ್ಲಿದ್ದರೆ ಕೊಡುವವರ ಕೈಗೂ ಧೈರ್ಯ ಬರುತ್ತದೆ, ಅಲ್ವಾ?

ಇಷ್ಟಕ್ಕೂ ಎಲ್ಲ ನಿಂತಿರುವುದು ಒಂದು ಸಣ್ಣ ಕೆಲಸದ ಮೇಲೆ. ಹೃದಯವನ್ನು ಹನ್ನೆರಡು ಕೋನದಿಂದ ತೋರಿಸುವ ಹನ್ನೆರಡು ಲೀಡ್ ಇಸಿಜಿಗೆ ಎದೆಯ ಮೇಲೆ ಆರು ಕಡೆ, ಕೈಕಾಲಿಗೆ ನಾಲ್ಕು ಕಡೆ ವೈರು ಕೂರಿಸಬೇಕು. ಬೇಸಿಗೆಯ ಚಳ್ಳಕೆರೆಯಲ್ಲಿ ಬೆವರಿದ ಎದೆಗೆ ಸ್ಟಿಕ್ಕರ್ ಅಂಟುವುದಿಲ್ಲ. ಹತ್ತಿ ಬಟ್ಟೆಯಲ್ಲಿ ಒರೆಸಬೇಕು, ಕೂದಲು ಜಾಸ್ತಿ ಇದ್ದರೆ ತೆಗೆಯಬೇಕು. ರೋಗಿ ನಡುಗುತ್ತಿದ್ದರೆ ಗೆರೆಯೂ ನಡುಗುತ್ತದೆ, ಅತ್ತ ಕೂತವರಿಗೆ ಏನೂ ತಿಳಿಯುವುದಿಲ್ಲ.

ಇದೇ ಕೆಲಸ ಪ್ರತಿ ಆಂಬುಲೆನ್ಸ್‌ನಲ್ಲೂ ಆಗಬೇಕು ಅನ್ನುವುದು ನನ್ನ ಆಸೆ. ಅಲ್ಲಿಯವರೆಗೆ, ಪಕ್ಕದ ಮನೆಯವರ ಕಾರು ಸಿಕ್ಕಿತೆಂದು ಸೀದಾ ಹೊರಡುವ ಮುಂಚೆ 108ಕ್ಕೆ ಫೋನ್ ಮಾಡಿ. ಕಾರಿನಲ್ಲಿ ಹೋದವರು ಬರುತ್ತಿದ್ದಾರೆಂದು ಆಸ್ಪತ್ರೆಗೆ ಯಾರೂ ಹೇಳಿರುವುದಿಲ್ಲ.