ಬಾಟಲಿಯಲ್ಲಿ ಬೆಳೆದ ರಸಬಾಳೆಗೆ ಸೊರಗು ರೋಗ ಬರಲ್ವಾ?

ನಂಜನಗೂಡು ರಸಬಾಳೆಗೆ ಹೆಸರಿದೆ, ಆ ಊರಿನದೇ ಬೆಳೆ ಎಂಬ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ತೋಟಗಳು ಮಾತ್ರ ತೀರಾ ಕಮ್ಮಿ. ಇದಕ್ಕೆ ದೊಡ್ಡ ಕಾರಣ ಪನಾಮಾ ಸೊರಗು ರೋಗ. "ಟಿಶ್ಯೂ ಕಲ್ಚರ್ ಸಸಿ ಹಾಕಿ, ರೋಗದ ಚಿಂತೆ ಬಿಡಿ" ಎನ್ನುವ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಟಿಶ್ಯೂ ಕಲ್ಚರ್ ಅಂದರೆ ಲ್ಯಾಬಿನ ಬಾಟಲಿಯಲ್ಲಿ ಸಸಿ ಬೆಳೆಸುವ ವಿಧಾನ. ಇದರಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ನಂಬಿದರೆ ನಷ್ಟ.

ರೋಗ ತರುವುದು ಫ್ಯುಸೇರಿಯಂ ಎಂಬ ಶಿಲೀಂಧ್ರ. ಅದು ಮಣ್ಣಿನಲ್ಲಿದ್ದು, ಬೇರಿನ ಮೂಲಕ ಒಳಗೆ ಸೇರಿ, ನೀರು ಮೇಲೇರುವ ಕೊಳವೆಗಳನ್ನೇ ಮುಚ್ಚಿಬಿಡುತ್ತದೆ. ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗಿ, ಬುಡದಲ್ಲಿ ಮುರಿದು, ದಿಂಡಿನ ಸುತ್ತ ಜೋತುಬೀಳುತ್ತವೆ. ಗಿಡ ಸತ್ತ ಮೇಲೂ ಶಿಲೀಂಧ್ರದ ಬೀಜಕಣಗಳು ದಶಕಗಟ್ಟಲೆ ಮಣ್ಣಿನಲ್ಲಿ ಕಾದಿರುತ್ತವೆ. ಔಷಧಿ ಹೊಡೆದು ವಾಸಿ ಮಾಡುವ ರೋಗ ಇದಲ್ಲ.

ಇದು ಊರಿಂದೂರಿಗೆ ಹೋಗುವುದು ಹೆಚ್ಚಾಗಿ ಕಂದಿನ (ಬಾಳೆಯ ಬುಡದಲ್ಲಿ ಒಡೆಯುವ ಮರಿಯ) ಜೊತೆ. ಕಂದು ನೆಡದೆ ನಮಗೆ ಬೇರೆ ದಾರಿಯೂ ಇರಲಿಲ್ಲ. ಕಾಡುಬಾಳೆಯಲ್ಲಿ ಜೀನುಗಳನ್ನು ಹೊರುವ ಕ್ರೋಮೋಸೋಮುಗಳು 22 ಇದ್ದರೆ ರಸಬಾಳೆ, ಪಚ್ಚಬಾಳೆಗಳಲ್ಲಿ 33. ಅಂದರೆ ಹನ್ನೊಂದರ ಮೂರು ಸೆಟ್. ಬೀಜ ಕಟ್ಟಬೇಕಾದರೆ ಈ ಸೆಟ್‌ಗಳು ಎರಡು ಸಮಪಾಲಾಗಬೇಕು. ಮೂರನ್ನು ಎರಡು ಸಮಪಾಲು ಮಾಡುವುದು ಹೇಗೆ? ಅಲ್ಲಿಗೆ ಬೀಜದ ಆಸೆ ಮುಗಿಯಿತು. ಬುಡದಿಂದ ಕಂದು ಕಿತ್ತು ನೆಟ್ಟಾಗ ಅದರ ಗೆಡ್ಡೆಗೆ ಅಂಟಿದ ಮಣ್ಣು, ಅದರಲ್ಲಿನ ಶಿಲೀಂಧ್ರ, ಬೇರಿನ ಜಂತುಹುಳು, ವೈರಸ್ಸು ಎಲ್ಲವೂ ಜೊತೆಗೇ ಬರುತ್ತವೆ.

ಟಿಶ್ಯೂ ಕಲ್ಚರ್ ಮುರಿಯುವುದು ಈ ಕೊಂಡಿಯನ್ನು. ಒಳ್ಳೆಯ ತಾಯಿಗಿಡದ ಕಂದನ್ನು ತಂದು, ಹೊರಪದರಗಳನ್ನು ಒಂದೊಂದಾಗಿ ಸುಲಿದು, ನಡುವಿನ ಪುಟ್ಟ ಕುಡಿಯನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಅದನ್ನು ಸೋಂಕುನಾಶಕದಲ್ಲಿ ತೊಳೆದು, ಸಕ್ಕರೆ, ಲವಣ, ವಿಟಮಿನ್ನು ಬೆರೆಸಿದ ಅಗರ್ ಎಂಬ ಜೆಲ್ಲಿಯ ಮೇಲೆ ಬಾಟಲಿಯಲ್ಲಿ ಇಡುತ್ತಾರೆ. ಸೈಟೊಕೈನಿನ್ ಎಂಬ ಹಾರ್ಮೋನು ಸೇರಿಸಿದರೆ ಒಂದು ಕುಡಿಯ ಪಕ್ಕ ಹಲವು ಕುಡಿ ಒಡೆಯುತ್ತವೆ. ಅವನ್ನು ಬಿಡಿಸಿ ಹೊಸ ಬಾಟಲಿಗೆ ಹಾಕುತ್ತಾರೆ, ಮತ್ತೆ ಒಡೆಯುತ್ತವೆ. ಕೊನೆಗೆ ಬೇರು ಬರಿಸಿ, ಹಸಿರುಮನೆಯಲ್ಲಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಗಾಳಿ ಬಿಸಿಲಿಗೆ ಹದಗೊಳಿಸುತ್ತಾರೆ. ಒಂದೇ ಕುಡಿಯಿಂದ ಸಾವಿರಾರು ಸಸಿ! ವಯಸ್ಸು ಒಂದೇ ಆದ್ದರಿಂದ ಗೊನೆಯೂ ಹೆಚ್ಚುಕಮ್ಮಿ ಒಟ್ಟಿಗೇ ಬರುತ್ತದೆ.

ಆದರೆ ತಾಯಿಗಿಡದಲ್ಲಿ ಬಂಚಿ ಟಾಪ್‌ನಂಥ (ಎಲೆಗಳು ತುದಿಯಲ್ಲಿ ಗೊಂಚಲುಗಟ್ಟುವ ರೋಗ) ವೈರಸ್ ಇದ್ದರೆ? ಆಗ ಅದೂ ಸಾವಿರಾರು ಪಾಲಾಗುತ್ತದೆ. ತೊಳೆದ ಮಾತ್ರಕ್ಕೆ ವೈರಸ್ ಹೋಗುವುದಿಲ್ಲ, ಪರೀಕ್ಷೆ ಮಾಡಿಯೇ ನೋಡಬೇಕು. ಇದಕ್ಕಾಗಿಯೇ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಪ್ರಮಾಣೀಕರಣ ವ್ಯವಸ್ಥೆ ಇದೆ.

ಸರಿ, ಸಸಿ ಶುದ್ಧವಾಗಿಯೇ ಬಂತು ಎಂದುಕೊಳ್ಳೋಣ. ಶುದ್ಧ ಅಂದರೆ ರೋಗ ನಿರೋಧಕ ಅಲ್ಲ. ಬಾಟಲಿಯ ರಸಬಾಳೆಯಲ್ಲಿರುವುದು ಅದೇ ಹಳೆಯ ರಸಬಾಳೆಯ ಜೀನು, ಅದೇ ದೌರ್ಬಲ್ಯ. ಸೊರಗು ಬಂದು ಹೋದ ಹೊಲದಲ್ಲಿ ನೆಟ್ಟರೆ ಅದೂ ಸೊರಗುತ್ತದೆ. ಸೋಂಕಿರುವ ಮಣ್ಣಿನಲ್ಲಿ ಟಿಶ್ಯೂ ಕಲ್ಚರ್ ಸಸಿಗಳು ಕಂದಿಗಿಂತ ಹೆಚ್ಚಾಗಿ ರೋಗಕ್ಕೆ ತುತ್ತಾದದ್ದನ್ನು ಆಸ್ಟ್ರೇಲಿಯಾದ ಸಂಶೋಧಕರು ದಾಖಲಿಸಿದ್ದಾರೆ. ಬೇರಿನ ಜೊತೆ ಬದುಕುವ ಒಳ್ಳೆಯ ಸೂಕ್ಷ್ಮಜೀವಿಗಳೂ ಬಾಟಲಿಯ ಸಸಿಯಲ್ಲಿ ಇರುವುದಿಲ್ಲ, ಅಲ್ವಾ?

"ಹಾಗಾದರೆ ಟಿಶ್ಯೂ ಕಲ್ಚರಿನ ಜಿ-9 ಬಾಳೆ ಚೆನ್ನಾಗಿ ಬರುತ್ತಿದೆಯಲ್ಲ?" ಎಂದು ಕೇಳಬಹುದು. ಜಿ-9 ಕ್ಯಾವೆಂಡಿಶ್ ಗುಂಪಿನದು, ಪಚ್ಚಬಾಳೆಯ ಸಂಬಂಧಿ. ರಸಬಾಳೆಯನ್ನು ಕೊಲ್ಲುವ ಫ್ಯುಸೇರಿಯಂನ ರೇಸ್-1 ಎಂಬ ಬಗೆ ಅದನ್ನು ಸಾಮಾನ್ಯವಾಗಿ ಕಾಡುವುದಿಲ್ಲ. ಇದು ತಳಿಯ ಗುಣ, ಬಾಟಲಿಯದ್ದಲ್ಲ. ಹಿಂದೆ ಅಮೆರಿಕಕ್ಕೆ ರಫ್ತಾಗುತ್ತಿದ್ದ ಗ್ರೋ ಮಿಶೆಲ್ ತಳಿ ಇದೇ ರೇಸ್-1ರಿಂದ ನೆಲಕಚ್ಚಿದಾಗ, 1950-60ರ ದಶಕಗಳಲ್ಲಿ ಅದರ ಜಾಗಕ್ಕೆ ಬಂದದ್ದು ಕ್ಯಾವೆಂಡಿಶ್. ಈಗ ಟಿಆರ್-4 ಎಂಬ ಇನ್ನೊಂದು ಬಗೆ ಕ್ಯಾವೆಂಡಿಶ್ಶನ್ನೂ ಬಿಡುತ್ತಿಲ್ಲ. ನಮ್ಮ ದೇಶದಲ್ಲಿ ಅದು ಬಿಹಾರ, ಉತ್ತರ ಪ್ರದೇಶಗಳಲ್ಲಿ ಕಾಣಿಸಿಕೊಂಡಿದೆ.

ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾಗುವುದು ತೈವಾನಿನವರ ಜಾಣತನ. ಕುಡಿಯನ್ನು ಮತ್ತೆ ಮತ್ತೆ ಒಡೆಸುತ್ತಾ ಹೋದರೆ ಕೆಲವು ಸಸಿ ತಾಯಿಯಂತೆ ಇರುವುದಿಲ್ಲ. ಗಿಡ್ಡ ಆಗುತ್ತವೆ, ಎಲೆ ಬೇರೆ ಥರ ಬರುತ್ತದೆ. ಲ್ಯಾಬಿನವರಿಗೆ ಇದು ತಲೆನೋವು. ಹಾಗಾಗಿ ಇಂತಿಷ್ಟೇ ಸುತ್ತು ಎಂದು ಮಿತಿ ಹಾಕುತ್ತಾರೆ. ತೈವಾನಿನ ಬಾಳೆ ಸಂಶೋಧಕರು ಈ ತಲೆನೋವನ್ನೇ ಬಳಸಿಕೊಂಡರು. 1980ರ ದಶಕದಲ್ಲಿ ಟಿಶ್ಯೂ ಕಲ್ಚರ್ ಸಸಿಗಳನ್ನು ಬೇಕೆಂದೇ ರೋಗದ ಮಣ್ಣಿಗೆ ಹಾಕಿ, ಬದುಕುಳಿದವನ್ನು ಆರಿಸಿ, ಅವನ್ನೇ ಮತ್ತೆ ಬೆಳೆಸಿದರು. ಟಿಆರ್-4 ಅನ್ನು ಒಂದು ಮಟ್ಟಿಗೆ ತಡೆಯುವ ಫಾರ್ಮೊಸಾನಾದಂಥ ತಳಿಗಳು ಸಿಕ್ಕಿದ್ದು ಹೀಗೆ. ಇದರಲ್ಲಿ ಹೊರಗಿನ ಜೀನು ಸೇರಿಸಿದ್ದು ಏನೂ ಇಲ್ಲ.

ಜೀನು ಸೇರಿಸಿದವರು ಆಸ್ಟ್ರೇಲಿಯಾದವರು. ಟಿಶ್ಯೂ ಕಲ್ಚರ್ ಅಂದರೆ ಕುಲಾಂತರಿ ಎಂದು ಸುಮ್ನೆ ಹೆದರುವವರಿದ್ದಾರೆ. ಎರಡೂ ಬೇರೆ ಬೇರೆ. ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದ ಜೇಮ್ಸ್ ಡೇಲ್ ತಂಡ ಕಾಡುಬಾಳೆಯೊಂದರಿಂದ ಟಿಆರ್-4 ಅನ್ನು ತಡೆಯುವ ಆರ್‌ಜಿಎ-2 ಎಂಬ ಜೀನನ್ನು ತೆಗೆದು ಕ್ಯಾವೆಂಡಿಶ್‌ಗೆ ಸೇರಿಸಿತು. ಈ ಕ್ಯುಕ್ಯಾವ್-4 ಬಾಳೆಯನ್ನು ಬೆಳೆಯಲು, ತಿನ್ನಲು 2024ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ವಿಶೇಷವೆಂದರೆ ಈ ಜೀನು ಕ್ಯಾವೆಂಡಿಶ್‌ನಲ್ಲಿ ಮೊದಲೇ ಇದೆ, ಆದರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಜೀನ್ ಎಡಿಟಿಂಗ್ (ಇರುವ ಜೀನನ್ನೇ ತಿದ್ದುವುದು) ಮೂಲಕ ಅದನ್ನೇ ಎಬ್ಬಿಸುವ ಪ್ರಯತ್ನವೂ ನಡೆದಿದೆ.

ಈ ವರ್ಷವೇ ರಸಬಾಳೆ ಹಾಕಬೇಕು ಎನ್ನುವವರು ಅದಕ್ಕೆಲ್ಲ ಕಾಯುವಂತಿಲ್ಲ. ಅವರು ಸಸಿಯ ಬೆಲೆ ಕೇಳುವ ಮೊದಲು ಜಮೀನಿನ ಚರಿತ್ರೆ ಕೇಳಬೇಕು. ಅಲ್ಲಿ ಹಿಂದೆ ಬಾಳೆ ಸೊರಗಿತ್ತಾ? ಹೌದಾದರೆ ಆ ಜಾಗ ರಸಬಾಳೆಗೆ ಬೇಡ. ಇಲ್ಲವಾದರೆ ವೈರಸ್ ಪರೀಕ್ಷೆಯ ಪ್ರಮಾಣಪತ್ರ ಇರುವ ಸಸಿಯನ್ನೇ ತರಬೇಕು. ಆಮೇಲೆ ರೋಗ ಇರುವ ತೋಟದ ಕಂದು, ಗುದ್ದಲಿ, ಟ್ರ್ಯಾಕ್ಟರ್ ಚಕ್ರದ ಮಣ್ಣು, ಹರಿದು ಬರುವ ನೀರು ಯಾವುದೂ ಒಳಗೆ ಬರದಂತೆ ನೋಡಿಕೊಳ್ಳಬೇಕು.