ಪುಟದಲ್ಲಿ ಕಾಣುವ ಚಿತ್ರ ಫೈಲಿನೊಳಗೆ ಇರುವುದಿಲ್ಲ: ಇನ್‌ಡಿಸೈನ್ ಲಿಂಕ್‌ಗಳ ಬಗ್ಗೆ ಟಿಪ್ಪಣಿ

ಶಿರಸಿ, ಕಾರವಾರದ ಕಡೆ ಡಿಟಿಪಿ ಕಲಿಯುವವರ ಕೈಗೆ ಬರುವ ಕೆಲಸಗಳು ನಮಗೆಲ್ಲ ಗೊತ್ತಿರುವವೇ. ದೇವಸ್ಥಾನದ ಆಮಂತ್ರಣ, ಸೊಸೈಟಿಯ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ, ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ. ಇವುಗಳಲ್ಲಿ ಚಿತ್ರಗಳ ತೊಡಕು ಹೆಚ್ಚಿರುವುದು ಸ್ಮರಣ ಸಂಚಿಕೆಯಲ್ಲಿ. ಲೇಖನಕ್ಕೊಬ್ಬರು, ಫೋಟೋಕ್ಕೊಬ್ಬರು, ಜಾಹೀರಾತಿಗೆ ಮತ್ತೊಬ್ಬರು ಕಳಿಸುತ್ತಾರೆ. ಎಲ್ಲವೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕಂಪ್ಯೂಟರಿನಲ್ಲಿ ಸೇರಬೇಕು. ಅದಕ್ಕೇ ಈ ಟಿಪ್ಪಣಿಯ ಉದ್ದಕ್ಕೂ ಎ4 ಅಳತೆಯ ಸ್ಮರಣ ಸಂಚಿಕೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಮೊದಲು ತಲೆಯಲ್ಲಿ ಕೂರಬೇಕಾದದ್ದು ಇಷ್ಟು. ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಕಂಟ್ರೋಲ್+ಡಿ ಒತ್ತಿ ಚಿತ್ರ ಪ್ಲೇಸ್ ಮಾಡಿದಾಗ (ಪುಟದಲ್ಲಿ ಇರಿಸಿದಾಗ) ಆ ಚಿತ್ರ ಇನ್‌ಡಿಸೈನ್ ಫೈಲಿನೊಳಗೆ ಹೋಗುವುದಿಲ್ಲ. ಒಳಗೆ ಹೋಗುವುದು ಚಿತ್ರ ಎಲ್ಲಿದೆ ಎಂಬ ವಿಳಾಸ (ಇದೇ ಲಿಂಕ್), ಮತ್ತು ಪರದೆಯಲ್ಲಿ ತೋರಿಸಲು ಬೇಕಾದ ಒಂದು ಸಣ್ಣ ಪ್ರತಿ. ಮುದ್ರಣಕ್ಕೆ ಪಿಡಿಎಫ್ ತೆಗೆಯುವಾಗ ತಂತ್ರಾಂಶ ಆ ವಿಳಾಸ ಹಿಡಿದು ಮೂಲ ಚಿತ್ರವನ್ನು ಹುಡುಕುತ್ತದೆ. ಸಿಕ್ಕದಿದ್ದರೆ ಎಚ್ಚರಿಕೆ ಕೊಡುತ್ತದೆ. ನಾವು ಅದನ್ನು ಓದದೆ ಓಕೆ ಒತ್ತಿದರೆ ಆ ಸಣ್ಣ ಪ್ರತಿಯೇ ಅಚ್ಚಿಗೆ ಹೋಗುತ್ತದೆ. ಪರದೆಯಲ್ಲಿ ಚೆನ್ನಾಗಿಯೇ ಕಂಡಿದ್ದ ಫೋಟೋ ಕಾಗದದ ಮೇಲೆ ಒಡೆದು ಬರುವುದಕ್ಕೆ ಬಹಳ ಸಲ ಇದೇ ಕಾರಣ.

ಹಾಗಾಗಿ ಫೋಲ್ಡರ್ ಕೆಲಸ ಪುಟ ಕಟ್ಟುವುದಕ್ಕಿಂತ ಮೊದಲು ಆಗಬೇಕು. ಒಂದು ಕೆಲಸಕ್ಕೆ ಒಂದೇ ದೊಡ್ಡ ಫೋಲ್ಡರ್, ಅದರೊಳಗೆ ಇನ್‌ಡಿಸೈನ್ ಫೈಲ್, ಪಕ್ಕದಲ್ಲೇ ‘ಲಿಂಕ್ಸ್’ ಎಂಬ ಫೋಲ್ಡರ್. ಬಂದ ಚಿತ್ರವನ್ನು ಮೊದಲು ಅಲ್ಲಿಗೆ ಹಾಕಿ, ಆಮೇಲೆ ಪ್ಲೇಸ್ ಮಾಡಿ. ಪೆನ್‌ಡ್ರೈವಿನಿಂದ ಅಥವಾ ಡೌನ್‌ಲೋಡ್ಸ್ ಫೋಲ್ಡರಿನಿಂದ ನೇರವಾಗಿ ಪ್ಲೇಸ್ ಮಾಡಲೇಬೇಡಿ. ಪೆನ್‌ಡ್ರೈವ್ ತೆಗೆದ ಕ್ಷಣ ಆ ವಿಳಾಸಕ್ಕೆ ಅರ್ಥವಿಲ್ಲ.

ಹೆಸರಿನ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಇಲ್ಲಿ ಆಗುವ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕ್ಯಾಮೆರಾಗಳು ಫೋಟೋಗೆ ಕೊಡುವ ಹೆಸರು ‘ಡಿಎಸ್‌ಸಿ 0231’ ಎಂಬಂತಹದು. ಇಬ್ಬರು ಛಾಯಾಗ್ರಾಹಕರ ಕ್ಯಾಮೆರಾದಲ್ಲೂ ಅದೇ ಸಂಖ್ಯೆ ಇರಬಹುದು. ಒಬ್ಬರದ್ದು ಶಾಲ್ಮಲಾ ಹೊಳೆಯ ಸಹಸ್ರಲಿಂಗ, ಇನ್ನೊಬ್ಬರದ್ದು ಯಾಣದ ಬಂಡೆ ಎಂದುಕೊಳ್ಳಿ. ಫೋಲ್ಡರ್ ಜಾಗ ಬದಲಾಗಿ ಲಿಂಕ್‌ಗಳೆಲ್ಲ ತಪ್ಪಿಹೋದಾಗ ನಾವು ಒಂದನ್ನು ರಿಲಿಂಕ್ ಮಾಡುತ್ತೇವೆ, ಅಂದರೆ ಚಿತ್ರದ ಹೊಸ ಜಾಗ ತೋರಿಸುತ್ತೇವೆ. ಆಗ ‘ಇದೇ ಫೋಲ್ಡರಿನಲ್ಲಿ ಉಳಿದವನ್ನೂ ಹುಡುಕು’ ಎಂಬ ಆಯ್ಕೆ ಇರುತ್ತದೆ. ತುಂಬ ಉಪಕಾರಿ ಆಯ್ಕೆ, ಆದರೆ ಅದು ನೋಡುವುದು ಹೆಸರನ್ನು ಮಾತ್ರ, ಚಿತ್ರದೊಳಗೆ ಏನಿದೆ ಎಂಬುದನ್ನಲ್ಲ. ಯಾಣದ ಬಂಡೆ ಸಹಸ್ರಲಿಂಗದ ಜಾಗಕ್ಕೆ ಬಂದು ಕೂರುತ್ತದೆ. ಪ್ಯಾನೆಲ್‌ನಲ್ಲಿ (ಲಿಂಕ್‌ಗಳ ಪಟ್ಟಿ ತೋರಿಸುವ ಕಿಟಕಿಯಲ್ಲಿ) ಯಾವ ಕೆಂಪು ಗುರುತೂ ಇರುವುದಿಲ್ಲ. ಎರಡೂ ಕಪ್ಪು ಕಲ್ಲಿನ ಚಿತ್ರಗಳೇ ಆದ್ದರಿಂದ ಪ್ರೂಫ್ ನೋಡುವವರೂ ದಾಟಿಕೊಂಡು ಹೋಗಬಹುದು. ಅದಕ್ಕೇ ಲಿಂಕ್ಸ್ ಫೋಲ್ಡರಿಗೆ ಹಾಕುವಾಗಲೇ ಹೆಸರು ಬದಲಿಸಿ: ಲೇಖನದ ಸಂಖ್ಯೆ, ಸ್ಥಳ ಅಥವಾ ವ್ಯಕ್ತಿ, ಕ್ರಮಸಂಖ್ಯೆ. ಪುಟಸಂಖ್ಯೆ ಬೇಡ, ಅದು ಕೊನೆಯ ದಿನದವರೆಗೂ ಬದಲಾಗುತ್ತಲೇ ಇರುತ್ತದೆ.

ಪ್ಯಾನೆಲ್ ಓದುವುದು

ಕಂಟ್ರೋಲ್+ಶಿಫ್ಟ್+ಡಿ ಒತ್ತಿದರೆ ಲಿಂಕ್ಸ್ ಪ್ಯಾನೆಲ್ ತೆರೆಯುತ್ತದೆ. ಕೆಂಪು ವೃತ್ತದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಚಿತ್ರ ಹೇಳಿದ ಜಾಗದಲ್ಲಿ ಇಲ್ಲ. ಹಳದಿ ತ್ರಿಕೋನ ಇದ್ದರೆ ಚಿತ್ರ ಇದೆ, ಆದರೆ ನಾವು ಪ್ಲೇಸ್ ಮಾಡಿದ ಮೇಲೆ ಯಾರೋ ಅದನ್ನು ತಿದ್ದಿದ್ದಾರೆ, ಅಪ್‌ಡೇಟ್ ಮಾಡಬೇಕು. ಫೋಟೋಶಾಪಿನಲ್ಲಿ ಬರೀ ಬೆಳಕು, ಬಣ್ಣ ಸರಿಮಾಡಿದ್ದರೆ ಅಪ್‌ಡೇಟ್ ಮಾಡಿ ಮುಂದೆ ಹೋಗಬಹುದು. ಕ್ರಾಪ್ ಮಾಡಿದ್ದರೆ ಆ ಪುಟಕ್ಕೆ ಹೋಗಿ ಕಣ್ಣಾರೆ ನೋಡಿ, ಫ್ರೇಮಿನೊಳಗೆ ಚಿತ್ರ ಸರಿದಿರಬಹುದು.

ಇನ್ನು ರೆಸಲ್ಯೂಷನ್. ಪ್ಯಾನೆಲ್‌ನ ಕೆಳಗಡೆ ಎರಡು ಸಂಖ್ಯೆಗಳಿರುತ್ತವೆ, ಆಕ್ಚುಯಲ್ ಪಿಪಿಐ ಮತ್ತು ಎಫೆಕ್ಟಿವ್ ಪಿಪಿಐ. ಪಿಪಿಐ ಎಂದರೆ ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕ. ಮುದ್ರಣಕ್ಕೆ ಲೆಕ್ಕಕ್ಕೆ ಬರುವುದು ಎರಡನೆಯದು ಮಾತ್ರ. ಮೊಬೈಲಿನಲ್ಲಿ ತೆಗೆದ 3000×4000 ಪಿಕ್ಸೆಲ್ ಫೋಟೋ ಒಂದಿದೆ ಎನ್ನಿ. ಅದನ್ನು ಮುಖಪುಟಕ್ಕೆ ಬ್ಲೀಡ್ (ಅಂಚು ಕತ್ತರಿಸಲು ಬಿಡುವ ಹೆಚ್ಚುವರಿ ಜಾಗ) ಸಮೇತ ತುಂಬಿಸಬೇಕು. ಎ4 ಎಂದರೆ 210×297 ಮಿಮೀ, ಸುತ್ತ 3 ಮಿಮೀ ಬ್ಲೀಡ್ ಸೇರಿಸಿದರೆ 216×303 ಮಿಮೀ. ಎತ್ತರ ಸುಮಾರು 11.93 ಇಂಚು. 4000ವನ್ನು 11.93ರಿಂದ ಭಾಗಿಸಿದರೆ 335. ಇದೇ ಎಫೆಕ್ಟಿವ್ ಪಿಪಿಐ. ಆರ್ಟ್ ಪೇಪರಿನ ಮುದ್ರಣಕ್ಕೆ ಬೇಕಾದ 300ಕ್ಕಿಂತ ಹೆಚ್ಚೇ ಇದೆ. ಆಕ್ಚುಯಲ್ ಎದುರು 72 ಎಂದಿದ್ದರೂ ಗಾಬರಿ ಬೇಡ, ಆ ಅಂಕಿ ಫೈಲಿಗೆ ಅಂಟಿಸಿದ ಚೀಟಿ ಅಷ್ಟೆ.

ಅದೇ ಫೋಟೋ ವಾಟ್ಸಾಪ್‌ನಲ್ಲಿ ಬಂದು 1200×1600ಕ್ಕೆ ಕುಗ್ಗಿದ್ದರೆ? 1600 ಭಾಗಿಸು 11.93, ಅಂದರೆ 134. ಮುಖಪುಟಕ್ಕೆ ಸಾಲುವುದಿಲ್ಲ. ಆದರೆ ಅದನ್ನೇ ಒಳಪುಟದ 8.5 ಸೆಂಮೀ ಅಗಲದ ಕಾಲಂಗೆ ಹಾಕಿದರೆ ಸುಮಾರು 359 ಬರುತ್ತದೆ, ನಿಶ್ಚಿಂತೆಯಿಂದ ಬಳಸಬಹುದು. ಆದ್ದರಿಂದ ‘ವಾಟ್ಸಾಪ್ ಫೋಟೋ ನಡೆಯೋದಿಲ್ಲ’ ಎಂದು ಎಲ್ಲದಕ್ಕೂ ಹೇಳುವುದು ಸರಿಯಲ್ಲ. ದೊಡ್ಡದಾಗಿ ಬರಬೇಕಾದ ಚಿತ್ರಗಳಿಗೆ ಮಾತ್ರ ‘ಫೋಟೋ ಅಂತ ಕಳಿಸ್ಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ’ ಎಂದು ಕೇಳಿದರೆ ಮೂಲ ಫೈಲು ಹಾಗೇ ಬರುತ್ತದೆ. ಫೋಟೋಶಾಪಿನಲ್ಲಿ 134 ಇದ್ದದ್ದನ್ನು 300 ಎಂದು ತಿದ್ದಿ ಉಬ್ಬಿಸುವುದರಿಂದ ಇಲ್ಲದ ವಿವರ ಹುಟ್ಟುವುದಿಲ್ಲ.

ವರ್ಡ್ ಫೈಲಿನೊಳಗೆ ಫೋಟೋ ಅಂಟಿಸಿ ಲೇಖನ ಕಳಿಸುವವರು ನಮ್ಮಲ್ಲಿ ಬಹಳ. ಅಲ್ಲಿಂದ ಕಾಪಿ ಮಾಡಿ ಪೇಸ್ಟ್ ಮಾಡಿದ ಚಿತ್ರಕ್ಕೆ ಹೊರಗೆ ಯಾವ ಮೂಲ ಫೈಲೂ ಇಲ್ಲದ್ದರಿಂದ ನಿರ್ವಹಿಸಲು ಲಿಂಕೇ ಇರುವುದಿಲ್ಲ. ಉಪಾಯವಿದೆ: ಡಾಕ್ಸ್ (.docx) ಫೈಲಿನ ಒಂದು ಪ್ರತಿ ಮಾಡಿ, ಅದರ ಕೊನೆಯ ಹೆಸರನ್ನು ಜಿಪ್ ಎಂದು ಬದಲಿಸಿ ಬಿಚ್ಚಿ. ಒಳಗೆ ‘ವರ್ಡ್’ ಫೋಲ್ಡರ್, ಅದರೊಳಗೆ ‘ಮೀಡಿಯಾ’ ಫೋಲ್ಡರ್, ಅಲ್ಲಿ ಚಿತ್ರಗಳು ಪ್ರತ್ಯೇಕ ಫೈಲುಗಳಾಗಿ ಸಿಗುತ್ತವೆ. ವರ್ಡ್ ಅವನ್ನು ಮೊದಲೇ ಕುಗ್ಗಿಸಿರಬಹುದು, ಪಿಕ್ಸೆಲ್ ನೋಡಿಕೊಳ್ಳಿ.

ಎಂಬೆಡ್ ಮಾಡಿಬಿಟ್ಟರೆ, ಅಂದರೆ ಚಿತ್ರವನ್ನು ಫೈಲಿನೊಳಗೇ ಸೇರಿಸಿಬಿಟ್ಟರೆ, ತಲೆನೋವೇ ಇಲ್ಲವಲ್ಲ ಎಂದು ಹಲವರು ಕೇಳುತ್ತಾರೆ. ಲೋಗೋದಂತಹ ಸಣ್ಣ ಚಿತ್ರಕ್ಕೆ ಆಗಬಹುದು. ಇಡೀ ಸಂಚಿಕೆಗೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಫೈಲ್ ಭಾರವಾಗುತ್ತದೆ, ಅಲ್ಲದೆ ಹೊರಗೆ ಚಿತ್ರ ತಿದ್ದಿದರೆ ಒಳಗಿನದು ಬದಲಾಗುವುದಿಲ್ಲ. ಸ್ಕ್ರೈಬಸ್ ಎಂಬ ಇನ್ನೊಂದು ಪುಟ ಕಟ್ಟುವ ತಂತ್ರಾಂಶ ಬಳಸುವವರಿಗೂ ಇದೇ ಲಿಂಕ್ ಪದ್ಧತಿ, ಅಲ್ಲಿ ಕೊನೆಯಲ್ಲಿ ಮಾಡಬೇಕಾದದ್ದು ‘ಕಲೆಕ್ಟ್ ಫಾರ್ ಔಟ್‌ಪುಟ್’.

ಪ್ರೆಸ್ಸಿಗೆ ಕೊಡುವ ಮುಂಚೆ

ಕಿಟಕಿಯ ಕೆಳಗೆ, ತಪ್ಪು ಹುಡುಕುವ ಪ್ರಿಫ್ಲೈಟ್‌ನ ಹಸಿರು ಚುಕ್ಕೆ ಕಂಡರೆ ಎಲ್ಲ ಸರಿ ಎಂದುಕೊಳ್ಳಬೇಡಿ. ಮೊದಲೇ ಕೊಟ್ಟಿರುವ ‘ಬೇಸಿಕ್’ ಪ್ರೊಫೈಲ್ (ಏನೇನು ನೋಡಬೇಕೆಂಬ ಪಟ್ಟಿ) ತಪ್ಪಿದ ಲಿಂಕ್, ಇಲ್ಲದ ಫಾಂಟ್, ಉಕ್ಕಿಹೋದ ಪಠ್ಯದಂತಹವನ್ನು ನೋಡುತ್ತದೆ. ರೆಸಲ್ಯೂಷನ್ ಕಡಿಮೆ ಇರುವುದನ್ನಾಗಲಿ ಆರ್‌ಜಿಬಿ (ಪರದೆಯ ಬಣ್ಣ ಪದ್ಧತಿಯ) ಚಿತ್ರವನ್ನಾಗಲಿ ಹಿಡಿಯುವುದಿಲ್ಲ. ಅದಕ್ಕೆ ನಮ್ಮದೇ ಪ್ರೊಫೈಲ್ ಮಾಡಿಕೊಳ್ಳಬೇಕು. ಚಿತ್ರಗಳನ್ನು ಸಿಎಂವೈಕೆ (ಅಚ್ಚಿನ ನಾಲ್ಕು ಬಣ್ಣಗಳ ಪದ್ಧತಿ) ಯಾವ ಹಂತದಲ್ಲಿ ಮಾಡಬೇಕು ಎಂಬುದನ್ನು ಪ್ರೆಸ್‌ನವರನ್ನೇ ಕೇಳಿ.

ಹುಬ್ಬಳ್ಳಿಯ ಪ್ರೆಸ್ಸಿಗೆ ಓಪನ್ ಫೈಲ್ (ಪಿಡಿಎಫ್ ಅಲ್ಲದ, ತಿದ್ದಬಹುದಾದ ಫೈಲ್) ಕಳಿಸಬೇಕಾದರೆ ಇನ್‌ಡಿಸೈನ್ ಫೈಲ್ ಒಂದನ್ನೇ ಮೇಲ್ ಮಾಡಿದರೆ ‘ಲಿಂಕ್ ಬಂದಿಲ್ಲ ರೀ, ಪ್ಯಾಕೇಜ್ ಮಾಡಿ ಕಳ್ಸಿ’ ಎಂಬ ಫೋನ್ ಖಂಡಿತ. ಫೈಲ್ ಮೆನುವಿನ ಪ್ಯಾಕೇಜ್ ಆಜ್ಞೆ ಇನ್‌ಡಿಸೈನ್ ಫೈಲ್, ಚಿತ್ರಗಳು, ಫಾಂಟುಗಳು ಎಲ್ಲವನ್ನೂ ಹೊಸ ಫೋಲ್ಡರಿಗೆ ನಕಲು ಮಾಡುತ್ತದೆ. ಅಲ್ಲಿ ‘ಅಪ್‌ಡೇಟ್ ಗ್ರಾಫಿಕ್ ಲಿಂಕ್ಸ್ ಇನ್ ಪ್ಯಾಕೇಜ್’ ಎಂಬುದಕ್ಕೆ ಟಿಕ್ ಇರಲೇಬೇಕು. ಇಲ್ಲದಿದ್ದರೆ ಹೊಸ ಫೈಲು ಹಳೆಯ ಫೋಲ್ಡರಿನ ಚಿತ್ರಗಳತ್ತಲೇ ಕೈ ತೋರಿಸುತ್ತಿರುತ್ತದೆ, ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಎಲ್ಲವೂ ಸರಿ ಕಾಣುತ್ತದೆ. ಇದನ್ನು ಪರೀಕ್ಷಿಸಲು ಮೂಲ ಫೋಲ್ಡರಿನ ಹೆಸರನ್ನು ಸ್ವಲ್ಪ ಹೊತ್ತು ಬದಲಿಸಿ, ಪ್ಯಾಕೇಜಿನ ಫೈಲ್ ತೆರೆದು, ಪ್ಯಾನೆಲ್‌ನಲ್ಲಿ ಒಂದೊಂದು ಚಿತ್ರದ ಪಾತ್ (ಫೋಲ್ಡರಿನ ವಿಳಾಸ) ನೋಡಿ.

ಪ್ಯಾಕೇಜ್ ಆದ ಮೇಲೂ ಪರದೆಯಲ್ಲಿ ತೆರೆದಿರುವುದು ಹಳೆಯ ಫೈಲೇ. ಆಮೇಲೆ ಪ್ರೂಫಿನ ತಿದ್ದುಪಡಿ ಬಂದರೆ ಹಳೆಯದರಲ್ಲೇ ತಿದ್ದಿ, ಹೊಸ ದಿನಾಂಕದ ಫೋಲ್ಡರಿಗೆ ಮತ್ತೆ ಪ್ಯಾಕೇಜ್ ಮಾಡಿ, ಮೊದಲಿನದನ್ನು ಬಳಸಬೇಡಿ ಎಂದು ಪ್ರೆಸ್ಸಿಗೆ ಬಾಯಿಬಿಟ್ಟು ಹೇಳಿ.