ಕಾರ್ಬನ್ ಬ್ರೇಕ್: ಬಿಸಿ ಎಲ್ಲಿಗೆ ಹೋಗಬೇಕು?

"ಕಾರ್ಬನ್ ಬ್ರೇಕ್ ನಂಬಬಹುದಾ ಸರ್?" ಬೆಂಗಳೂರಿನ ಸೈಕಲ್ ಅಂಗಡಿಗಳಲ್ಲಿ ಈ ಪ್ರಶ್ನೆ ಇನ್ನೂ ಮುಗಿದಿಲ್ಲ. ಉತ್ತರ ಮಾತ್ರ ಅಂಗಡಿಗೊಂದು. ಒಬ್ಬರು ಕೈಯಲ್ಲಿ ಒತ್ತುವ ಲಿವರ್ ಬಗ್ಗೆ ಹೇಳುತ್ತಾರೆ, ಇನ್ನೊಬ್ಬರು ಟೈರ್ ಕೂರುವ ರಿಮ್ ಬಗ್ಗೆ. ಎರಡರ ಕಥೆಯೂ ಬೇರೆ ಬೇರೆ.

ಇಲ್ಲಿ ಕಾರ್ಬನ್ ಅಂದರೆ ಕಾರ್ಬನ್ ನಾರಿನ ಕಾಂಪೋಸಿಟ್, ಅಂದರೆ ನಾರನ್ನು ರಾಳದ ಅಂಟಿನಲ್ಲಿ ಕೂರಿಸಿ ಗಟ್ಟಿ ಮಾಡಿದ್ದು. ಈ ಊರಿಗೆ ಅದೇನು ಹೊಸದಲ್ಲ. 2001ರಲ್ಲಿ ಇಲ್ಲೇ ಮೊದಲ ಸಲ ಹಾರಿದ, ಮುಂದೆ ತೇಜಸ್ ಎನಿಸಿಕೊಂಡ ವಿಮಾನದ ಮೈಯಲ್ಲೂ ಅದು ಧಾರಾಳವಾಗಿದೆ.

ಸೈಕಲ್ಲಿನಲ್ಲಿ ಮೊದಲು ಸ್ಟೀಲ್ ರಿಮ್, ರಾಡ್ ಬ್ರೇಕ್ ಇದ್ದವು. ಮಳೆ ಬಂದರೆ ಚಪ್ಪಲಿಯೇ ಬ್ರೇಕು! ಆಮೇಲೆ ಕೇಬಲ್, ಅಲ್ಯೂಮಿನಿಯಂ ರಿಮ್ ಬಂದವು. 2000ದ ಆಸುಪಾಸಿನಲ್ಲಿ ದುಬಾರಿ ರೇಸಿಂಗ್ ಸೈಕಲ್‌ಗಳ ಲಿವರ್ ಕಾರ್ಬನ್ ಆಯಿತು. ಅದಕ್ಕೆ ತಕರಾರಿಲ್ಲ. ಲಿವರ್ ತಡೆಯಬೇಕಾದ್ದು ಬೆರಳಿನ ಬಲ, ಬಿಸಿ ಅಲ್ಲ.

ರಗಳೆ ಶುರುವಾಗಿದ್ದು ರಿಮ್‌ನಿಂದ. ರಿಮ್ ಬ್ರೇಕ್ ಸೈಕಲ್ಲಿನಲ್ಲಿ ಪ್ಯಾಡ್ ರಿಮ್ಮನ್ನೇ ಉಜ್ಜಿ ನಿಲ್ಲಿಸುತ್ತದೆ, ಹಾಗಾಗಿ ರಿಮ್ಮೇ ಅರ್ಧ ಬ್ರೇಕ್. ನಂದಿ ಬೆಟ್ಟದ ಲೆಕ್ಕ ನೋಡಿ. ಸವಾರ, ಸೈಕಲ್ ಸೇರಿ 90 ಕೆ.ಜಿ. ಇಳಿಯುವ ಎತ್ತರ ಸುಮಾರು 400 ಮೀಟರ್ ಅಂತಿಟ್ಟುಕೊಳ್ಳಿ. ಆ ಶಕ್ತಿಯಲ್ಲಿ ಒಂದು ಲೀಟರ್ ನೀರು ಕುದಿಸಬಹುದು. ಸ್ವಲ್ಪ ಗಾಳಿಗೆ ಹೋಗುತ್ತದೆ, ಉಳಿದದ್ದು ಬಹುಪಾಲು ರಿಮ್‌ಗೆ. ಅಲ್ಯೂಮಿನಿಯಂ ಆದರೆ ಬಿಸಿಯನ್ನು ಬೇಗ ಹರಡಿ ಗಾಳಿಗೆ ಬಿಡುತ್ತದೆ. ಕಾರ್ಬನ್ ರಿಮ್‌ನಲ್ಲಿ ಬಿಸಿ ಪ್ಯಾಡ್ ಉಜ್ಜುವ ಜಾಗದಲ್ಲೇ ನಿಲ್ಲುತ್ತದೆ. ಹೆದರಿಕೊಂಡು ಬ್ರೇಕ್ ಬಿಡದೇ ಇಳಿಯುವ ಹೊಸಬರಿಗೇ ಅಪಾಯ ಜಾಸ್ತಿ. ಬಿಸಿ ಮಿತಿ ಮೀರಿದರೆ ರಾಳ ಮೆತ್ತಗಾಗುತ್ತದೆ. ಒಳಗಿನಿಂದ ಟ್ಯೂಬಿನ ಗಾಳಿ ರಿಮ್‌ನ ಗೋಡೆಯನ್ನು ಹೊರಕ್ಕೆ ಒತ್ತುತ್ತದೆ. ಗೋಡೆ ಉಬ್ಬುತ್ತದೆ, ಪದರ ಬಿಟ್ಟುಕೊಳ್ಳುತ್ತದೆ.

ಇದಕ್ಕೆ ಮದ್ದೂ ಬಂತು. ಹೆಚ್ಚು ಶಾಖ ತಡೆಯುವ ರಾಳ, ರಿಮ್‌ನಲ್ಲಿ ಪ್ಯಾಡ್ ಉಜ್ಜುವ ತರಿತರಿಯಾದ ಬ್ರೇಕ್ ಪಟ್ಟಿ, ಕಾರ್ಕ್ ಬೆರೆಸಿದ ಪ್ಯಾಡ್. ಆದರೂ ಮಳೆಯಲ್ಲಿ ಬ್ರೇಕ್ ಹಿಡಿಯಲು ಒಂದು ಕ್ಷಣ ತಡವೇ. ರೇಸ್ ಓಡುವವರಿಗೆ ಸರಿ, ಭಾನುವಾರ ಬೆಳಿಗ್ಗೆ ಇಡ್ಲಿಗೆ ಹೋಗುವವರಿಗೂ ಇದು ಬೇಕಿತ್ತಾ?

ಕೊನೆಗೆ ರಿಮ್‌ನ ಬಿಸಿ ತಪ್ಪಿಸಿದ್ದು ಡಿಸ್ಕ್ ಬ್ರೇಕ್. ಅದರಲ್ಲಿ ಪ್ಯಾಡ್ ಹಿಡಿಯುವುದು ರಿಮ್ಮನ್ನಲ್ಲ, ಚಕ್ರದ ನಡುವೆ ಕೂರಿಸಿದ ತಟ್ಟೆಯನ್ನು, ಅಂದರೆ ಡಿಸ್ಕನ್ನು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2015ರಲ್ಲಿ ರಸ್ತೆ ರೇಸ್‌ಗಳಲ್ಲಿ ಅದರ ಪ್ರಯೋಗ ಶುರು ಮಾಡಿತು, 2016ರಲ್ಲಿ ತಡೆಹಿಡಿಯಿತು, 2018ರಲ್ಲಿ ಪೂರ್ತಿ ಒಪ್ಪಿತು. ಡಿಸ್ಕ್ ಮಾತ್ರ ಸ್ಟೀಲಿನದೇ. ಫಾರ್ಮುಲಾ ಒನ್ ಕಾರಿನ ಕಾರ್ಬನ್ ಡಿಸ್ಕ್ ಚೆನ್ನಾಗಿ ಕಾದ ಮೇಲಷ್ಟೇ ಹಿಡಿಯುತ್ತದೆ, ಸೈಕಲ್ಲಿಗೆ ಅಷ್ಟು ಕಾವು ಎಲ್ಲಿಂದ ಬರಬೇಕು? ತಮಾಷೆ ಅಂದರೆ, ಡಿಸ್ಕ್‌ಗೆ ಹಾಕುವ ರೆಸಿನ್ ಪ್ಯಾಡ್ ನಾರು, ಪುಡಿ, ರಾಳ ಕಲಸಿದ ಅಪ್ಪಟ ಕಾಂಪೋಸಿಟ್. ಅದರ ಬಗ್ಗೆ ಯಾರೂ ಜಗಳ ಆಡುವುದಿಲ್ಲ.

ಎಲ್ಲರೂ ಡಿಸ್ಕ್‌ಗೆ ಹೋಗುತ್ತಿರುವುದರಿಂದ ಹಳೇ ಕಾರ್ಬನ್ ರಿಮ್‌ಗಳು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಕೊಳ್ಳುವ ಮುಂಚೆ ಬ್ರೇಕ್ ಪಟ್ಟಿಯ ಮೇಲೆ ಉಗುರು ಎಳೆದು ಉಬ್ಬು, ಬಿರುಕು ನೋಡಿ. ಹಳೇ ಪ್ಯಾಡನ್ನೇ ಹಾಕಬೇಡಿ. ಅಲ್ಯೂಮಿನಿಯಂ ರಿಮ್ ಉಜ್ಜಿದ ಪ್ಯಾಡ್‌ನಲ್ಲಿ ಲೋಹದ ಚೂರು ಸಿಕ್ಕಿಕೊಂಡಿರುತ್ತದೆ, ಅದು ಕಾರ್ಬನ್ನನ್ನು ಗೀರಿ ಹಾಕುತ್ತದೆ.